ಲೈಟ್ ಆಫ್ ಮಾಡಿ, ಪಾಝ್ ಬಟನ್ ಮುಟ್ಟಬೇಡಿ

ಹಳೇ ಕಪ್ಪು-ಬಿಳುಪು ಕ್ರೈಮ್ ಸಿನಿಮಾಗಳ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಡೈಲಾಗ್ ಗ್ಯಾರಂಟಿ ಬರುತ್ತೆ: "ಅದನ್ನೆಲ್ಲ ಥಿಯೇಟರ್‌ನಲ್ಲೇ ನೋಡ್ಬೇಕು ಕಣೋ, ಲ್ಯಾಪ್‌ಟಾಪ್‌ನಲ್ಲಿ ನೋಡಿದ್ರೆ ವೇಸ್ಟ್." ಹೀಗೆ ಹೇಳುವವರಲ್ಲಿ ಹೆಚ್ಚಿನವರು ಅದನ್ನು ಎರಡು ಕಡೆಯೂ ನೋಡಿರಲ್ಲ, ಅದು ಬೇರೆ ಮಾತು. ನನಗೆ ಇದರ ಮೇಲೆ ಎರಡು ತಕರಾರು ಇದೆ. ಒಂದು, 1944ರ ಅಮೆರಿಕನ್ ಸಿನಿಮಾವನ್ನು ನಮ್ಮ ಊರಿನ ಯಾವ ಮಲ್ಟಿಪ್ಲೆಕ್ಸ್ ಹಾಕುತ್ತೆ? ಥಿಯೇಟರ್‌ಗೆ ಬರೋವರೆಗೂ ಕಾಯ್ತೀನಿ ಅಂದ್ರೆ ಡಿಗ್ರಿ ಮುಗಿಯುತ್ತೆ, ಸಿನಿಮಾ ಬರಲ್ಲ. ಎರಡು, ಬರೀ ಚಿತ್ರದ ಕ್ವಾಲಿಟಿ ಲೆಕ್ಕ ಹಾಕಿದ್ರೆ ಇವತ್ತು ಮನೆಯೇ ಗೆಲ್ಲಬಹುದು. ಥಿಯೇಟರ್ ಗೆಲ್ಲೋದು ಬೇರೆ ಕಾರಣಕ್ಕೆ. ಆ ಕಾರಣ ಗೊತ್ತಾದ್ರೆ ಅದನ್ನ ನಾವು ಹಾಸ್ಟೆಲ್‌ನಲ್ಲೂ ಸ್ವಲ್ಪ ಮಟ್ಟಿಗೆ ಮಾಡ್ಕೋಬಹುದು ಅನ್ನೋದು ನನ್ನ ವಾದ.

ಗೊತ್ತಿಲ್ಲದವರಿಗೆ ಒಂದೆರಡು ಸಾಲು. 'ಫಿಲ್ಮ್ ನ್ವಾರ್' ಅಂದ್ರೆ ಫ್ರೆಂಚ್‌ನಲ್ಲಿ ಕಪ್ಪು ಸಿನಿಮಾ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಫ್ರಾನ್ಸನ್ನು ಹಿಡಿದಿದ್ದಾಗ ಅಲ್ಲಿಗೆ ಹಾಲಿವುಡ್ ಚಿತ್ರಗಳು ಬರ್ತಾ ಇರಲಿಲ್ಲ. ಯುದ್ಧ ಮುಗಿದ ಮೇಲೆ, 1946ರಲ್ಲಿ, ತಡೆದಿದ್ದೆಲ್ಲ ಒಟ್ಟಿಗೆ ಪ್ಯಾರಿಸ್‌ಗೆ ಬಂತು: 'ದಿ ಮಾಲ್ಟೀಸ್ ಫಾಲ್ಕನ್', 'ಡಬಲ್ ಇಂಡೆಮ್ನಿಟಿ', 'ಲಾರಾ', 'ಮರ್ಡರ್, ಮೈ ಸ್ವೀಟ್'. ಒಂದರ ಹಿಂದೆ ಒಂದು ನೋಡಿದಾಗ ನೀನೊ ಫ್ರಾಂಕ್ ಅನ್ನೋ ವಿಮರ್ಶಕನಿಗೆ ಅಮೆರಿಕದವರ ಸಿನಿಮಾ ಯಾಕೋ ತುಂಬಾ ಕತ್ತಲಾಗಿದೆಯಲ್ಲ ಅನ್ನಿಸಿತು, ಆ ಹೆಸರು ಕೊಟ್ಟ. ಮಾಡಿದವರಿಗೆ ಆ ಹೆಸರು ಗೊತ್ತೇ ಇರಲಿಲ್ಲ. ಕಥೆಗಳು ಹೆಚ್ಚುಕಮ್ಮಿ ಒಂದೇ ಥರ. ಸಾಧಾರಣ ಮನುಷ್ಯ, ಒಂದು ಆಸೆ, ಒಂದು ತಪ್ಪು ನಿರ್ಧಾರ, ಆಮೇಲೆ ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ. ಅದರ ಜೊತೆಗೆ ನೆರಳು. ಕಿಟಕಿ ಪರದೆಯ ಪಟ್ಟಿ ಪಟ್ಟಿ ನೆರಳು, ಮುಖದ ಅರ್ಧ ಭಾಗ ಕಾಣದೇ ಇರೋದು, ಮಳೆ ಬಿದ್ದ ರಸ್ತೆ.

ಮೊದಲು ಮನೆ ವಿಷಯ. ನ್ವಾರ್ ಸಿನಿಮಾದಲ್ಲಿ ಮುಖ್ಯವಾದ ಬಣ್ಣ ಕಪ್ಪು, ನಮ್ಮ ಸ್ಕ್ರೀನ್‌ಗಳಿಗೆ ತೋರಿಸೋಕೆ ಬರದೇ ಇರೋ ಬಣ್ಣವೂ ಅದೇ. ಸಾಮಾನ್ಯ ಎಲ್‌ಸಿಡಿ ಲ್ಯಾಪ್‌ಟಾಪ್‌ನಲ್ಲಿ ಹಿಂದೆ ಬ್ಯಾಕ್‌ಲೈಟ್ ಉರಿಯುತ್ತಲೇ ಇರುತ್ತೆ, ಕಪ್ಪು ಅಂದ್ರೆ ಆ ಬೆಳಕನ್ನ ಆದಷ್ಟು ಮುಚ್ಚೋದು ಅಷ್ಟೆ. ಕಾಂಟ್ರಾಸ್ಟ್ 1000:1ರ ಹತ್ತಿರ ಇರುತ್ತೆ. ಥಿಯೇಟರ್‌ನ ಡಿಜಿಟಲ್ ಪ್ರೊಜೆಕ್ಟರ್ ಏನೋ ಮಹಾ ಅಂದ್ಕೋಬೇಡಿ, ಅದೂ ಸುಮಾರು 2000:1ರ ಆಸುಪಾಸು, ಮೇಲಿಂದ ಎಕ್ಸಿಟ್ ಬೋರ್ಡಿನ ಬೆಳಕು ಬೇರೆ ಪರದೆ ಮೇಲೆ ಬೀಳ್ತಾ ಇರುತ್ತೆ. ಓಎಲ್‌ಇಡಿ ಸ್ಕ್ರೀನ್‌ನಲ್ಲಿ ಕಪ್ಪು ಬೇಕಾದ ಜಾಗದಲ್ಲಿ ಪಿಕ್ಸೆಲ್ಲೇ ಆಫ್ ಆಗುತ್ತೆ. ಅಂದ್ರೆ ಇವತ್ತು ಒಳ್ಳೇ ಫೋನಿನ ಕಪ್ಪು ದೊಡ್ಡ ಥಿಯೇಟರಿನ ಕಪ್ಪಿಗಿಂತ ಹೆಚ್ಚು ಕಪ್ಪು.

ಆದ್ರೆ ಆ ಸ್ಕ್ರೀನ್‌ಗೆ ನಾವು ಏನು ತಿನ್ನಿಸ್ತೀವಿ ಅನ್ನೋದೂ ಮುಖ್ಯ. ಸಾಮಾನ್ಯ 8-ಬಿಟ್ ವಿಡಿಯೋದಲ್ಲಿ ಇರೋದು 256 ಮಟ್ಟ, ಅದರಲ್ಲೂ ಸ್ಟ್ಯಾಂಡರ್ಡ್ ಪ್ರಕಾರ ಕಪ್ಪು 16ಕ್ಕೆ ಶುರು, ಬಿಳಿ 235ಕ್ಕೆ ಮುಗೀತು. ಕಡಿಮೆ ಬಿಟ್‌ರೇಟ್‌ನಲ್ಲಿ ಕಂಪ್ರೆಸ್ ಮಾಡೋವಾಗ ಕತ್ತಲಿನ ಭಾಗಕ್ಕೇ ಮೊದಲು ಕತ್ತರಿ ಬೀಳುತ್ತೆ. ಕಣ್ಣಿಗೆ ಅಲ್ಲಿ ಅಷ್ಟು ಗೊತ್ತಾಗಲ್ಲ ಅನ್ನೋ ಲೆಕ್ಕ. ಹೀರೋ ಅಡಗಿರೋ ಮೂಲೆ ಚೌಕ ಚೌಕ ಆಗಿ ಒಡೆದುಹೋಗೋದು ಅದಕ್ಕೇ. 2014ರ ಒಂದು ಕಾಮಿಡಿಗೆ ಅದರಿಂದ ಏನೂ ನಷ್ಟ ಇಲ್ಲ, ಆದ್ರೆ ನೆರಳೇ ಪಾತ್ರ ಆಗಿರೋ ಸಿನಿಮಾಗೆ ಅದು ಅರ್ಧ ಡೈಲಾಗ್ ಮ್ಯೂಟ್ ಮಾಡಿದ ಹಾಗೆ. ಆದ್ದರಿಂದ ಆಟೋ ಕ್ವಾಲಿಟಿ ಬಿಟ್ಟು ಹೆಚ್ಚಿನದನ್ನೇ ಆರಿಸಿ. ಎಚ್‌ಡಿಎಂಐನಲ್ಲಿ ಟಿವಿಗೆ ಹಾಕಿದಾಗ ಕಪ್ಪೆಲ್ಲ ಬೂದಿ ಬಣ್ಣ ಕಂಡ್ರೆ ಬ್ಲ್ಯಾಕ್ ಲೆವೆಲ್ ಸೆಟ್ಟಿಂಗ್ ಒಮ್ಮೆ ನೋಡಿ, 16ನ್ನು ಕಪ್ಪು ಅಂತ ಟಿವಿ ಒಪ್ಪಿಕೊಂಡಿರಲ್ಲ. ಮೋಷನ್ ಸ್ಮೂದಿಂಗ್ ಇದ್ರೆ ದಯವಿಟ್ಟು ಆಫ್ ಮಾಡಿ, ಧಾರಾವಾಹಿ ಥರ ಕಾಣುತ್ತೆ. ಎರಡೂ ಪಕ್ಕ ಕಪ್ಪು ಪಟ್ಟಿ ಬಂತು ಅಂತ ಚಿತ್ರವನ್ನ ಎಳೆದು ಅಗಲ ಮಾಡ್ಬೇಡಿ. ಆಗಿನ ಚೌಕಟ್ಟೇ 1.37:1. ಟ್ಯೂಬ್‌ಲೈಟ್ ಆಫ್ ಮಾಡೋದನ್ನಂತೂ ಹೇಳೋ ಅಗತ್ಯ ಇಲ್ಲ ಅಂದ್ಕೊಂಡಿದ್ದೆ, ನಮ್ಮ ಕಾಮನ್ ರೂಮ್ ನೋಡಿದ ಮೇಲೆ ಹೇಳಲೇಬೇಕು ಅನ್ನಿಸ್ತಿದೆ.

ಯಾವ ಪ್ರಿಂಟ್ ನೋಡ್ತೀರಿ ಅನ್ನೋದು ಇನ್ನೊಂದು. ಎಡ್ಗರ್ ಉಲ್ಮರ್‌ನ 'ಡಿಟೂರ್' 1945ರದ್ದು, 70 ನಿಮಿಷವೂ ಇಲ್ಲ, ತೀರಾ ಕಡಿಮೆ ದುಡ್ಡಲ್ಲಿ ಮಾಡಿದ್ದು. ನ್ಯೂಯಾರ್ಕ್ ಬೀದಿ ಕಟ್ಟೋಕೆ ಕಾಸಿಲ್ಲದೆ ಮಂಜು ತುಂಬಿಸಿಬಿಟ್ಟಿದ್ದಾರೆ. ಕಾಪಿರೈಟ್ ಇಲ್ಲದ ಕಾರಣ ಎಲ್ಲರೂ ಹಾಕ್ತಾರೆ, ಹೆಚ್ಚಿನವು ಕಾಪಿಯ ಕಾಪಿ. 2018ರಲ್ಲಿ ಅಕಾಡೆಮಿ ಫಿಲ್ಮ್ ಆರ್ಕೈವ್ ಅದನ್ನ 4ಕೆಯಲ್ಲಿ ರಿಪೇರಿ ಮಾಡ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಹತ್ತು ನಿಮಿಷ ನೋಡಿ. 'ಹಳೇ ಸಿನಿಮಾ ಮಬ್ಬು ಮಬ್ಬು' ಅನ್ನೋರಿಗೆ ಗೊತ್ತಾಗುತ್ತೆ, ಮಬ್ಬು ಸಿನಿಮಾದಲ್ಲಿ ಇರಲಿಲ್ಲ, ಕಾಪಿಯಲ್ಲಿತ್ತು. 'ವುಮನ್ ಆನ್ ದಿ ರನ್' (1950) ಕಥೆ ಇನ್ನೂ ಭಯಂಕರ. ಎಡ್ಡಿ ಮುಲ್ಲರ್ ಅನ್ನೋ ನ್ವಾರ್ ಹುಚ್ಚ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2003ರಲ್ಲಿ 'ನ್ವಾರ್ ಸಿಟಿ' ಅಂತ ಚಿತ್ರೋತ್ಸವ ಶುರು ಮಾಡಿದ. ಆ ಸಿನಿಮಾದ ಪ್ರಿಂಟ್ ಹುಡುಕಿ ಅಲ್ಲಿ ತೋರಿಸಿದ. 2008ರಲ್ಲಿ ಯೂನಿವರ್ಸಲ್ ಸ್ಟುಡಿಯೋಗೆ ಬೆಂಕಿ ಬಿದ್ದಾಗ ಅದು ಸುಟ್ಟೇ ಹೋಯ್ತು. ಆಮೇಲೆ ಬ್ರಿಟನ್ನಿನ ಆರ್ಕೈವ್‌ನಲ್ಲಿ ಉಳಿದಿದ್ದ ಸಾಮಗ್ರಿಯಿಂದ ಮತ್ತೆ ಜೀವ ಕೊಟ್ರು. ಇವತ್ತು ನಾವು ಮನೇಲಿ ಕೂತು ಅದನ್ನ ನೋಡೋಕೆ ಆಗ್ತಿರೋದು ಯಾರೋ ಥಿಯೇಟರ್‌ಗೆ ಟಿಕೆಟ್ ತಗೊಂಡು ಹೋಗಿದ್ದಕ್ಕೆ, ಆ ದುಡ್ಡೇ ಇಂಥ ರಿಪೇರಿಗೆ ಹೋಗೋದು. ಮನೆ ವರ್ಸಸ್ ಥಿಯೇಟರ್ ಅಂತ ಜಗಳ ಆಡೋರು ಇದನ್ನ ಲೆಕ್ಕಕ್ಕೆ ತಗೊಳ್ಳಲ್ಲ.

ಹಾಗಾದ್ರೆ ಥಿಯೇಟರ್ ಯಾಕೆ ಬೇಕು? ಅಲ್ಲಿ ಪಾಝ್ ಬಟನ್ ಇಲ್ಲ, ಅದಕ್ಕೆ.

ನ್ವಾರ್ ಕಥೆಯ ಪೂರ್ತಿ ಇಂಜಿನ್ ಇರೋದೇ 'ಇನ್ನು ನಿಲ್ಲಿಸೋಕೆ ಆಗಲ್ಲ' ಅನ್ನೋದರಲ್ಲಿ. 'ಡಬಲ್ ಇಂಡೆಮ್ನಿಟಿ'ಯಲ್ಲಿ ಇನ್ಶೂರೆನ್ಸ್ ಏಜೆಂಟ್ ಶುರುವಿನಲ್ಲೇ ರಾತ್ರಿ ಆಫೀಸಿಗೆ ಬಂದು, ಡಿಕ್ಟಾಫೋನ್ ಮುಂದೆ ಕೂತು, ಕೊಲೆ ಮಾಡಿದ್ದು ನಾನೇ ಅಂತ ಒಪ್ಕೊಂಡುಬಿಡ್ತಾನೆ. ಸಸ್ಪೆನ್ಸ್ ಅಲ್ಲಿಗೆ ಮುಗೀಬೇಕು ತಾನೇ? ಮುಗಿಯಲ್ಲ. ಯಾಕಂದ್ರೆ ಅವನು ಒಂದೊಂದೇ ಹೆಜ್ಜೆ ಗುಂಡಿಗೆ ಇಳಿಯೋದನ್ನ ನಾವು ಕೂತು ನೋಡಬೇಕು. ಆ ಗುಂಡಿಯ ಮಧ್ಯದಲ್ಲಿ ನಿಲ್ಲಿಸಿ ವಾಟ್ಸಾಪ್ ನೋಡಿ ಬಂದ್ರೆ ಅದು ಬರೀ ಕಥೆ ಆಗುತ್ತೆ. ಅದನ್ನ 1.5 ಸ್ಪೀಡ್‌ನಲ್ಲಿ ನೋಡೋರೂ ಇದ್ದಾರೆ, ಅವರ ಬಗ್ಗೆ ನಾನು ಏನೂ ಹೇಳಲ್ಲ.

ಅದೇ ಸಿನಿಮಾದ ಒಂದು ದೃಶ್ಯ. (ಸ್ಪಾಯ್ಲರ್ ಬೇಡ ಅನ್ನೋರು ಈ ಪ್ಯಾರಾ ಬಿಡಿ.) ಅವನೂ ಅವಳೂ ಸೇರಿ ಅವಳ ಗಂಡನ ಹೆಣವನ್ನ ರೈಲು ಹಳಿ ಮೇಲೆ ಹಾಕಿ ಬಂದು ಕಾರಿನಲ್ಲಿ ಕೂರ್ತಾರೆ. ಕಾರ್ ಸ್ಟಾರ್ಟ್ ಆಗಲ್ಲ. ಮತ್ತೆ ಟ್ರೈ, ಮತ್ತೆ ಆಗಲ್ಲ. ನಾನು ಇದನ್ನ ಮೊದಲು ಒಬ್ಬನೇ ಇಯರ್‌ಫೋನ್ ಹಾಕ್ಕೊಂಡು ನೋಡಿದೆ, ಚೆನ್ನಾಗಿತ್ತು. ಎರಡನೇ ಸಲ ರೂಮಿನಲ್ಲಿ ಹನ್ನೊಂದು ಜನ, ಗೋಡೆ ಮೇಲೆ ಪ್ರೊಜೆಕ್ಟರ್. ಚಿತ್ರ ನನ್ನ ಫೋನಿಗಿಂತ ಎಷ್ಟೋ ಕೆಟ್ಟದಾಗಿತ್ತು. ಆದ್ರೆ ಕಾರ್ ಸ್ಟಾರ್ಟ್ ಆಗದೇ ಇದ್ದಾಗ ಪೂರ್ತಿ ರೂಮು ಉಸಿರು ಹಿಡೀತು, ಸ್ಟಾರ್ಟ್ ಆದ ತಕ್ಷಣ ಹಿಂದಿನಿಂದ ಯಾರೋ "ಅಬ್ಬಾ" ಅಂದ. ಆಮೇಲೆ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಕೊಲೆಗಾರರು ಸಿಕ್ಕಿಬೀಳಬಾರದು ಅಂತ ಹನ್ನೊಂದು ಜನ ಮನಸಲ್ಲೇ ಕೇಳ್ಕೊಂಡಿದ್ವಿ! ಒಬ್ಬನೇ ಇದ್ದಾಗ ನಾನೂ ಹಾಗೇ ಕೇಳ್ಕೊಂಡಿರಬೇಕು, ಆದ್ರೆ ಅದು ಗೊತ್ತಾಗಿರಲಿಲ್ಲ. ಬಿಲ್ಲಿ ವೈಲ್ಡರ್ ಆ ದೃಶ್ಯ ಕಟ್ಟಿದ್ದು ಫೋನಿಗಲ್ಲ, ತುಂಬಿದ ಹಾಲ್‌ಗೆ.

'ದಿ ಥರ್ಡ್ ಮ್ಯಾನ್' (1949) ಕೂಡ ಹೀಗೇ. ಯುದ್ಧದಲ್ಲಿ ಹಾಳಾದ ವಿಯೆನ್ನಾ ನಗರ, ಸತ್ತ ಅಂದ್ಕೊಂಡ ಗೆಳೆಯ, ಬಾಗಿಲ ಕತ್ತಲಲ್ಲಿ ಯಾರದೋ ಶೂ ಹತ್ತಿರ ಒಂದು ಬೆಕ್ಕು. ಮೇಲಿನ ಕಿಟಕಿಯಲ್ಲಿ ದೀಪ ಹತ್ತುತ್ತೆ, ಮುಖ ಕಾಣುತ್ತೆ. ಆ ಮುಖಕ್ಕಾಗಿ ಹತ್ತಿರ ಹತ್ತಿರ ಒಂದು ಗಂಟೆ ಕಾಯಿಸಿರ್ತಾರೆ. ಕಾಯೋದನ್ನ ಸ್ಕಿಪ್ ಮಾಡಬಹುದಾದ ಜಾಗದಲ್ಲಿ ಕೂತ್ರೆ ಆ ದೀಪಕ್ಕೆ ಬೆಲೆ ಇಲ್ಲ.

ಇದೆಲ್ಲ ದೂರದ ಅಮೆರಿಕದ ಕಥೆ, ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧ ಅಂತ ಸೀನಿಯರ್ಸ್ ಕೇಳ್ತಾರೆ, ಗೊತ್ತು. ಹಿಂದಿಯಲ್ಲಿ ಈ ನೆರಳನ್ನ ತಂದವರಲ್ಲಿ ದೊಡ್ಡ ಹೆಸರು ಮೈಸೂರಿನ ವಿ.ಕೆ. ಮೂರ್ತಿ ಅವರದು. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಓದಿ ಬಾಂಬೆಗೆ ಹೋದವರು, ಅಂದ್ರೆ ಒಂಥರಾ ನಮ್ಮ ಸೀನಿಯರ್ರೇ. ಗುರುದತ್ ನಿರ್ಮಿಸಿದ 'ಸಿ.ಐ.ಡಿ.' (1956) ಅವರ ಕ್ಯಾಮೆರಾ. ಕೊಲೆ, ಪೊಲೀಸ್, ರಾತ್ರಿ, ಬಾಂಬೆ ಎಲ್ಲ ಇದೆ, ಜೊತೆಗೆ ಹಾಡೂ ಇದೆ. 'ಕಾಗಜ್ ಕೆ ಫೂಲ್' (1959) ನ್ವಾರ್ ಅಲ್ಲ, ಆದ್ರೂ ಅದರ ಸ್ಟುಡಿಯೋ ದೃಶ್ಯದಲ್ಲಿ ಕನ್ನಡಿ ಇಟ್ಟು ಬಿಸಿಲನ್ನೇ ಒಳಗೆ ತಿರುಗಿಸಿ ತಂದ ಆ ಬೆಳಕಿನ ಕಂಬ ನೋಡಿ. ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಸೆಮಿನಾರ್ ಹಾಲ್ ಸಂಜೆ 6ರ ಮೇಲೆ ಖಾಲಿ. ಪ್ರೊಜೆಕ್ಟರ್ ಪಿಪಿಟಿಗೆ ಅಂತ ತಂದಿದ್ದು, ಕಪ್ಪು ಬೂದಿಯಾಗಿ ಕಾಣುತ್ತೆ. ಕಿಟಕಿಯ ಕರ್ಟನ್ ಪೂರ್ತಿ ಮುಚ್ಚಲ್ಲ, ಕತ್ತಲಾದ ಮೇಲೆ ಹಾಕಿದ್ರೆ ಅದೊಂದು ತೊಂದರೆ ತಪ್ಪುತ್ತೆ. ಟೆಕ್ನಿಕಲ್ ಆಗಿ ಅದು ನಿಮ್ಮ ಫೋನಿಗೆ ಸೋಲುತ್ತೆ. ಆದ್ರೂ ಕನ್ನಡ ಸಂಘದಿಂದ ತಿಂಗಳಿಗೊಂದು ಶೋ ಅಲ್ಲೇ ಹಾಕೋಣ, ಬಾಗಿಲ ಹತ್ತಿರ ಒಂದು ಡಬ್ಬಿ ಇಟ್ಟು ಫೋನ್‌ಗಳನ್ನ ಅದಕ್ಕೆ ಹಾಕೋಣ, ಮಧ್ಯೆ ನಿಲ್ಲಿಸೋದು ಬೇಡ. ಅಮೆರಿಕನ್ ಇಂಗ್ಲಿಷ್ ಗಡಗಡ ಅಂತ ಓಡುತ್ತೆ, ಇಂಗ್ಲಿಷ್ ಮೀಡಿಯಂನವರಿಗೇ ಸಬ್‌ಟೈಟಲ್ ಬೇಕಾಗುತ್ತೆ. ಅದನ್ನ ಕನ್ನಡದಲ್ಲಿ ನಾವೇ ಮಾಡಿದ್ರೆ ಸಂಘಕ್ಕೂ ಒಂದು ಕೆಲಸ ಆಯ್ತು. ಟೈಪಿಂಗ್‌ಗೆ ನಾನು ರೆಡಿ, ಇನ್ನಿಬ್ಬರು ಸಿಕ್ಕಿದ್ರೆ ಸಾಕು.

ಮೊದಲ ಶೋಗೆ ನನ್ನ ವೋಟ್ 'ಡಿ.ಒ.ಎ.' (1950). ಒಬ್ಬ ಪೊಲೀಸ್ ಸ್ಟೇಷನ್‌ಗೆ ಬಂದು ಕೊಲೆಯ ದೂರು ಕೊಡ್ತಾನೆ. ಸತ್ತಿರೋದು ಯಾರು ಅಂದ್ರೆ ಅವನೇ. ಕಾಪಿರೈಟ್ ರಿನ್ಯೂ ಆಗಿಲ್ಲ, ಆ ತಲೆನೋವಿಲ್ಲ. 83 ನಿಮಿಷ ಅಷ್ಟೆ, ಏಳಕ್ಕೆ ಶುರು ಮಾಡಿದ್ರೆ ಮೆಸ್ ಮುಚ್ಚೋ ಮುಂಚೆ ಎಲ್ಲರೂ ವಾಪಸ್.