ಸುಕ್ಕಿನ ಪುಟ

ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಶಿವಮೊಗ್ಗೆಯಲ್ಲಿ ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಹಟ ಹಿಡಿಯುತ್ತದೆ, ಬೀರುವಿನೊಳಗಿನ ಪುಸ್ತಕಗಳು ಮೈಯುಬ್ಬಿಸಿಕೊಂಡು ಒಂದನ್ನೊಂದು ನೂಕತೊಡಗುತ್ತವೆ. ಇವೆಲ್ಲ ವರ್ಷಕ್ಕೊಮ್ಮೆ ಬಂದುಹೋಗುವ ನೆಂಟರು. ಇವರಿಂದ ಯಾರ ನಿದ್ರೆಯೂ ಕೆಡುವುದಿಲ್ಲ. ಆದರೆ ಈ ಬಾರಿ ಹಂಚಿನ ಸಂದಿನಿಂದ ಇಳಿದ ನೀರು ಬೀರುವಿನ ಮೇಲಿನ ಅರೆಯನ್ನು ಹುಡುಕಿಕೊಂಡು ಬಂದು ತೋಯಿಸಿದ್ದು ನನ್ನ ತಾಯಿಯ ಹಾಡಿನ ಪುಸ್ತಕವನ್ನು.

ಪುಸ್ತಕವೆಂದರೆ ಅಚ್ಚಾದದ್ದಲ್ಲ, ನೂರು ಪುಟದ ಒಂದು ನೋಟುಪುಸ್ತಕ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಹೆಣ್ಣನ್ನು ಒಪ್ಪಿಸಿಕೊಡುವ ಹಾಡು, ಎಲ್ಲವೂ ಆಕೆಯ ದುಂಡು ಅಕ್ಷರಗಳಲ್ಲಿವೆ. ಆಕೆ ಈಗಿಲ್ಲ. ಬರುವ ಮಾಘದಲ್ಲಿ ತಂಗಿಯ ಮದುವೆ. ಆ ಹಾಡುಗಳನ್ನೇ ಹಾಡಬೇಕೆಂದು ತಂಗಿ ಪಟ್ಟು ಹಿಡಿದಿದ್ದಾಳೆ. ಪುಸ್ತಕವನ್ನು ತೆರೆದು ನೋಡಿದರೆ ಹಾಳೆಗಳು ಒಂದಕ್ಕೊಂದು ಅಂಟಿಲ್ಲ, ಶಾಯಿ ಅಷ್ಟಾಗಿ ಹರಡಿಲ್ಲ. ಆದರೆ ಪ್ರತಿಯೊಂದು ಪುಟವೂ ಕರಿದ ಹಪ್ಪಳದಂತೆ ಅಲೆಯಲೆಯಾಗಿ ಸುಕ್ಕುಗಟ್ಟಿದೆ.

ಸುಕ್ಕಿಗೆ ಮದ್ದು ಇಸ್ತ್ರಿಯೆಂದು ತಿಳಿದವನು ನಾನು. ಈ ಇಸ್ತ್ರಿಯೆಂಬ ಮಾತೇ ಪೋರ್ಚುಗೀಸರಿಂದ ಬಂದದ್ದು, ಎಳೆದು ಹಿಗ್ಗಿಸುವುದು ಅದರ ಮೂಲಾರ್ಥವೆಂದು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ಆ ವಿದ್ಯೆಯ ಬಲದಿಂದಲೇ ಪೆಟ್ಟಿಗೆಯನ್ನು ಕಾಯಿಸಿ ಮೊದಲ ಪುಟದ ಮೇಲಿಡಲು ಹೊರಟಿದ್ದೆ. ಅಷ್ಟರಲ್ಲಿ ನನ್ನಾಕೆ ಒಳಗಿನಿಂದ ಬಂದು, “ರೀ, ನಿಲ್ಲಿ! ನನ್ನ ಗಿಣಿಹಸಿರು ಸೀರೆಯ ಸುಕ್ಕು ನಿಮ್ಮ ಇಸ್ತ್ರಿಯಿಂದ ಹೋಯಿತೇ?” ಎಂದಳು.

ಹೋಗಿರಲಿಲ್ಲ. ಆ ಸೀರೆಯ ಕಥೆಯನ್ನು ಮನೆಮನೆಯ ಗೃಹಿಣಿಯರೂ ಬಲ್ಲರು. ಹೊಸ ರೇಷ್ಮೆ ಸೀರೆ. ಅಂಚು ಬೀಳುವಂತೆ ಅಂಗಡಿಯವನೊಬ್ಬನಿಂದ ಹತ್ತಿಯ ಫಾಲ್ ಹಾಕಿಸಿದ್ದಾಯಿತು. ಮೊದಲ ಬಾರಿ ಒಗೆದು ಹರವಿದಾಗ ಅಂಚಿನುದ್ದಕ್ಕೂ ಸೀರೆ ಮುದುರಿಕೊಂಡು ನಿಂತಿತ್ತು. ಎಷ್ಟು ಉಜ್ಜಿದರೂ ಸುಕ್ಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿತೇ ಹೊರತು ಮಾಯವಾಗಲಿಲ್ಲ. ಇಸ್ತ್ರಿಯನ್ನು ಕೆಳಗಿಟ್ಟೆ. ಮರುದಿನವೇ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ.

ಅಲ್ಲಿ ನನ್ನ ಸೋದರಮಾವನವರಿದ್ದಾರೆ. ಅವರು ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1936ರಲ್ಲಿ ಸ್ಥಾಪನೆಯಾಗಿ, 1977ರಲ್ಲಿ ಸರ್ಕಾರದ ಕಂಪನಿಯಾದ ಮೈಸೂರು ಪೇಪರ್ ಮಿಲ್ಸ್ ಅದು. ಬರೆಯುವ ಕಾಗದ, ಪತ್ರಿಕೆಯ ಕಾಗದ ಎರಡೂ ಅಲ್ಲಿ ತಯಾರಾಗುತ್ತಿದ್ದ ಕಾಲವೊಂದಿತ್ತು. 2015ರ ಸುಮಾರಿಗೆ ಯಂತ್ರಗಳು ನಿಂತವು. ಕಾರ್ಖಾನೆ ನಿಂತರೂ ಮಾವನವರ ಬೆರಳುಗಳು ಮಾತ್ರ ಕೆಲಸ ಬಿಟ್ಟಿಲ್ಲ. ಲಗ್ನಪತ್ರಿಕೆ ಕೈಗೆ ಬಂದರೆ ಅವರು ಮೊದಲು ಮುಹೂರ್ತ ನೋಡುವುದಿಲ್ಲ, ಕಾಗದವನ್ನು ಹೆಬ್ಬೆರಳಿನಿಂದ ತೀಡಿ ನೋಡುತ್ತಾರೆ.

ಅಕ್ಕನ ಪುಸ್ತಕವನ್ನು ಕಂಡು ಅವರು ಒಂದು ಗಳಿಗೆ ಮಾತನಾಡಲಿಲ್ಲ. ಆಮೇಲೆ ಒಳಗಿನಿಂದ ಒಂದು ಬಿಳಿಯ ಹಾಳೆಯನ್ನು ತಂದು, ಉದ್ದಕ್ಕೊಂದು ಅಡ್ಡಕ್ಕೊಂದು ಪಟ್ಟಿಯನ್ನು ಸಮನಾಗಿ ಕತ್ತರಿಸಿ, ಎರಡನ್ನೂ ಒಟ್ಟಿಗೆ ಒಂದು ತುದಿಯಲ್ಲಿ ಹಿಡಿದರು. ಒಂದು ಪಟ್ಟಿ ನೆಟ್ಟಗೆ ಚಾಚಿಕೊಂಡಿತು. ಇನ್ನೊಂದು ಬಾಗಿ ತಲೆ ತೂಗಿತು. ಒಂದೇ ಹಾಳೆ, ಒಂದೇ ಅಳತೆ, ಸ್ವಭಾವ ಮಾತ್ರ ಎರಡು! ಬೇಕಾದರೆ ಓದುಗರೂ ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು.

“ಕಾಗದವೆಂದರೆ ಏನು ಮಾರಾಯ? ಬಿದಿರಿನದೋ ನೀಲಗಿರಿಯದೋ ಕಬ್ಬಿನ ಸಿಪ್ಪೆಯದೋ ನಾರು. ಆ ನಾರು ಬಹುಪಾಲು ನೀರೇ ಆದ ತಿಳಿಗಂಜಿಯಾಗಿ ಓಡುವ ಜಾಲರಿಯ ಮೇಲೆ ಬೀಳುತ್ತದೆ. ಹೊಳೆಯಲ್ಲಿ ಬಿದ್ದ ಕಡ್ಡಿಗಳು ನೀರು ಹರಿಯುವ ಕಡೆಗೇ ಮುಖ ಮಾಡುವುದಿಲ್ಲವೇ? ಹಾಗೆಯೇ ನಾರುಗಳೂ ಜಾಲರಿ ಓಡುವ ದಿಕ್ಕಿಗೆ ಹೆಚ್ಚಾಗಿ ಮಲಗುತ್ತವೆ. ನೆಟ್ಟಗೆ ನಿಂತ ಪಟ್ಟಿ ಆ ದಿಕ್ಕಿನದು” ಎಂದರು ಮಾವ.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು. ನಾರು ನೀರು ಕುಡಿದಾಗ ದಪ್ಪದಲ್ಲಿ ಐದರಲ್ಲೊಂದು ಪಾಲಿನಷ್ಟಾದರೂ ಉಬ್ಬಬಲ್ಲದು. ಉದ್ದದಲ್ಲಿಯಾದರೋ ನೂರರಲ್ಲಿ ಒಂದೆರಡು ಪಾಲು ಬೆಳೆದರೆ ಹೆಚ್ಚು. ಆದ್ದರಿಂದ ತೇವ ತಗುಲಿದ ಕಾಗದ ನಾರಿನ ದಿಕ್ಕಿಗೆ ಬಹುಮಟ್ಟಿಗೆ ಇದ್ದಂತೆಯೇ ಇದ್ದು, ಅಡ್ಡಕ್ಕೆ ಹಿಗ್ಗುತ್ತದೆ. ಎಲ್ಲ ಕಡೆಯೂ ಸಮನಾಗಿ ಹಿಗ್ಗಿದರೆ ತೊಂದರೆಯಿಲ್ಲ. ಆದರೆ ಮುಚ್ಚಿದ ಪುಸ್ತಕದಲ್ಲಿ ಗಾಳಿಯ ತೇವವನ್ನು ಮೊದಲು ಕುಡಿಯುವುದು ಹಾಳೆಯ ಅಂಚು. ಒಳಭಾಗ ಒಣಗಿಯೇ ಉಳಿದಿರುತ್ತದೆ. ಬೆಳೆದ ಅಂಚನ್ನು ಬೆಳೆಯದ ನಡುಭಾಗ ಹಿಡಿದುಕೊಂಡಿರುತ್ತದೆ. ಪಕ್ಕಕ್ಕೆ ಸರಿಯಲು ಎಡೆಯಿಲ್ಲದ ಅಂಚು ಮೇಲಕ್ಕೂ ಕೆಳಕ್ಕೂ ಏರಿಳಿದು ಅಲೆಯಾಗುತ್ತದೆ. ಪುಸ್ತಕ ಕಟ್ಟುವ ಜಾಣರು ನಾರಿನ ದಿಕ್ಕು ಹೊಲಿಗೆಯ ಬೆನ್ನಿಗೆ ಸಮಾನಾಂತರವಾಗಿರುವಂತೆ ನೋಡಿಕೊಳ್ಳುವುದು ಇದಕ್ಕಾಗಿಯೇ. ಆಗ ಹಾಳೆ ಹಿಗ್ಗಿದರೂ ಹೊಲಿಗೆಯಿಲ್ಲದ ಕಡೆಗೆ ಹಿಗ್ಗುತ್ತದೆ, ಬೆನ್ನಿನೊಡನೆ ಜಗಳವಾಡುವುದಿಲ್ಲ.

“ಹಾಗಾದರೆ ತೇವವೇ ಶತ್ರುವಲ್ಲವೇ ಮಾವ?” ಎಂದು ಕೇಳಿದೆ.

“ಅಲ್ಲ. ಸಮವಲ್ಲದ ತೇವ ಶತ್ರು” ಎಂದರು.

ಈ ಮಾತನ್ನು ಕೇಳಿದಾಗ ನನಗೆ ಥಟ್ಟನೆ ಗಿಣಿಹಸಿರು ಸೀರೆಯ ನೆನಪಾಯಿತು. ಮಗ್ಗದ ಮೇಲೂ ಆಮೇಲಿನ ಹದಗೊಳಿಸುವಿಕೆಯಲ್ಲೂ ಹತ್ತಿಯ ನೂಲು ಎಳೆತಕ್ಕೆ ಒಳಗಾಗಿರುತ್ತದೆ. ಮೊದಲ ಸಲ ನೀರು ಕಂಡಾಗ ಆ ಎಳೆತ ಸಡಿಲಿ, ನೂಲು ಉಬ್ಬಿ, ಬಟ್ಟೆ ಕುಗ್ಗುತ್ತದೆ. 1930ರ ಸುಮಾರಿನಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬಾತ ಬಟ್ಟೆಯನ್ನು ಗಿರಣಿಯಲ್ಲಿಯೇ ಮುಂಚಿತವಾಗಿ ಕುಗ್ಗಿಸುವ ಉಪಾಯ ಕಂಡುಹಿಡಿದ. ಹಿಂದಿನ ತಲೆಮಾರಿನವರು ಬಟ್ಟೆಯ ಅಂಚಿನಲ್ಲಿ ಕಾಣುತ್ತಿದ್ದ ‘ಸ್ಯಾನ್‌ಫೊರೈಜ್ಡ್’ ಎಂಬ ಮುದ್ರೆ ಅವನ ಹೆಸರಿನಿಂದಲೇ ಬಂದದ್ದು. ನಮ್ಮ ಸೀರೆಯ ಫಾಲಿಗೆ ಅಂಥ ಸಂಸ್ಕಾರವೇನೂ ಆಗಿರಲಿಲ್ಲ. ಅದನ್ನು ನೀರಿನಲ್ಲಿ ನೆನೆಸದೆ ಹೊಲಿದದ್ದರಿಂದ ಹೊಲಿದ ಮೇಲೆ ಅದು ಕುಗ್ಗಿತು. ಅಷ್ಟು ಕುಗ್ಗದ ರೇಷ್ಮೆ, ಜೊತೆಗಾರನ ಅಳತೆಗೆ ಹೊಂದಲಾರದೆ ಮುದುರಿಕೊಂಡಿತು. ರೇಷ್ಮೆಯ ತಪ್ಪೂ ಇಲ್ಲ, ಹತ್ತಿಯ ತಪ್ಪೂ ಇಲ್ಲ. ತಪ್ಪಿದ್ದದ್ದು ಒಬ್ಬರ ಸ್ವಭಾವವನ್ನು ಅರಿಯುವ ಮೊದಲೇ ಇಬ್ಬರನ್ನೂ ಬಿಗಿದು ಕಟ್ಟಿದ ಆತುರದಲ್ಲಿ.

ಇಸ್ತ್ರಿ ಇಲ್ಲಿ ಏಕೆ ಸೋತಿತು? ಸಾಮಾನ್ಯ ಸುಕ್ಕಿನಲ್ಲಿ ಅದು ಗೆಲ್ಲುತ್ತದೆ. ಹತ್ತಿಯ ಎಳೆಯೊಳಗಿನ ಸೂಕ್ಷ್ಮ ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಟ್ಟ ಕೊಂಡಿಗಳನ್ನು ಚಿಮುಕಿಸಿದ ನೀರು ಸಡಿಲಿಸುತ್ತದೆ. ಬಿಸಿಯೂ ಭಾರವೂ ಬಟ್ಟೆಯನ್ನು ಚಪ್ಪಟೆಯಾಗಿ ಮಲಗಿಸುತ್ತವೆ. ಆ ಸ್ಥಿತಿಯಲ್ಲಿಯೇ ಕೊಂಡಿಗಳು ಮತ್ತೆ ಬಿಗಿಯುತ್ತವೆ. ಇದು ಒಂದೇ ಬಟ್ಟೆಯ ಸುಕ್ಕಿನ ಮಾತು. ಎರಡು ಬಟ್ಟೆಗಳ ಅಳತೆಯೇ ಬೇರೆಯಾಗಿ, ನಡುವೆ ಹೊಲಿಗೆ ಬಿಗಿದಿದ್ದರೆ ಯಾವ ಬಿಸಿಯೂ ಆ ಲೆಕ್ಕವನ್ನು ಸರಿದೂಗಿಸಲಾರದು. ಅದಕ್ಕೆ ಉಪಾಯ ಒಂದೇ: ಹೊಲಿಗೆ ಬಿಚ್ಚುವುದು. ಈಚೆಗೆ ನನ್ನಾಕೆ ಫಾಲನ್ನು ಬಿಚ್ಚಿ, ನೆನೆಸಿ ಒಣಗಿಸಿ, ತುಸು ಸಡಿಲವಾಗಿ ತಾನೇ ಹೊಲಿದುಕೊಂಡಿದ್ದಾಳೆ. ಈಗ ಆ ಸೀರೆಯಲ್ಲಿ ಸುಕ್ಕಿಲ್ಲ, ನಿರಿಗೆ ಮಾತ್ರ ಉಂಟು. ಸುಕ್ಕು ತಾನಾಗಿ ಬರುವುದು, ನಿರಿಗೆ ನಾವಾಗಿ ತರುವುದು. ನಮ್ಮ ಭಾಷೆ ಇವೆರಡಕ್ಕೂ ಬೇರೆ ಬೇರೆ ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ಪುಸ್ತಕಕ್ಕೆ ಮಾವ ಹೇಳಿದ ಚಿಕಿತ್ಸೆ ಸರಳವಾದದ್ದು. ಹಾಳೆಗಳ ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು, ಮೇಲೆ ಮಣೆ, ಮಣೆಯ ಮೇಲೆ ಅಕ್ಕಿಯ ಡಬ್ಬಿ. ದಿನಕ್ಕೊಮ್ಮೆ ಬ್ಲಾಟಿಂಗ್ ಬದಲಿಸುವುದು. ಬಿಸಿಲೂ ಬೇಡ, ಬೆಂಕಿಯೂ ಬೇಡ, ಆತುರ ಮೊದಲೇ ಬೇಡ. ಹನ್ನೆರಡು ದಿನಗಳಲ್ಲಿ ಪುಟಗಳು ಬಹುಮಟ್ಟಿಗೆ ನೆಟ್ಟಗಾದವು. ಮೊಬೈಲಿನಲ್ಲಿ ಒಂದೊಂದು ಪುಟದ ಚಿತ್ರವನ್ನೂ ತೆಗೆದು ತಂಗಿಗೆ ಕಳಿಸಿದೆ. ಮದುವೆಯ ಹಾಡಿಗೆ ಭಯವಿಲ್ಲ.

ಆದರೆ ಒಂದು ಪುಟ ಮಾತ್ರ ಮಣಿಯಲಿಲ್ಲ. ಹೆಣ್ಣನ್ನು ಒಪ್ಪಿಸಿಕೊಡುವ ಹಾಡಿನ ಪುಟ ಅದು. ಎಂದೋ ಹರಿದಿದ್ದ ಹಾಳೆಗೆ ತಾಯಿ ದಪ್ಪನೆಯ ಕಾಗದದ ತುಂಡೊಂದನ್ನು ಮೈದಾ ಅಂಟಿನಿಂದ ಅಂಟಿಸಿ, ಹರಿದುಹೋದ ಸಾಲುಗಳನ್ನು ಅದರ ಮೇಲೆ ಮತ್ತೆ ಬರೆದಿದ್ದಾಳೆ. ಆ ತುಂಡಿನ ಸುತ್ತ ಕಿರಣಗಳಂತೆ ಸುಕ್ಕು. ಪುಸ್ತಕವನ್ನು ಮರಳಿ ತೋರಿಸಿದಾಗ ಮಾವ ಅದನ್ನು ಬೆರಳಿನಿಂದ ತೀಡಿ, “ಈ ತುಂಡು ನಾನೇ ಕೊಟ್ಟದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಿಲ್ಲಿನ ಕಾಗದವೆಂದು ಅಕ್ಕನಿಗೆ ತಂದುಕೊಟ್ಟಿದ್ದೆ. ಅಡ್ಡಡ್ಡ ಅಂಟಿಸಿದ್ದಾಳೆ ನೋಡು, ಹಾಳೆಯ ನಾರು ಒಂದು ಕಡೆಗೆ, ಇದರ ನಾರು ಇನ್ನೊಂದು ಕಡೆಗೆ. ಆಗಲೇ ಹೇಳಬೇಕಾಗಿತ್ತು ನಾನು” ಎಂದರು.

“ಈಗ ಬಿಡಿಸಬಹುದಲ್ಲವೇ?” ಎಂದೆ.

“ಬಿಡಿಸಬಹುದು. ನೀರು ತಾಗಿಸಿದರೆ ಅಂಟು ಬಿಡುತ್ತದೆ, ಸುಕ್ಕೂ ಹೋಗುತ್ತದೆ. ಅದರೊಡನೆ ಶಾಯಿಯೂ ಹೋಗುತ್ತದೆ.” ಇಷ್ಟು ಹೇಳಿ ಅವರು ಪುಸ್ತಕವನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು. “ಬೇಡ ಮಾರಾಯ. ಇರಲಿ.”

ಚಿತ್ರ ತೆಗೆದಿಟ್ಟಾಗಿದೆ, ಅಕ್ಷರ ಹೋದರೇನು ಎಂದು ವಾದಿಸಬಹುದಾಗಿತ್ತು. ವಾದಿಸಲಿಲ್ಲ. ಸೀರೆಯ ಹೊಲಿಗೆಯನ್ನು ಬಿಚ್ಚಿದರೆ ಸೀರೆ ಉಳಿಯುತ್ತದೆ. ಈ ಅಂಟನ್ನು ಬಿಡಿಸಿದರೆ ಆಕೆ ಕೈಯಾರೆ ಬರೆದದ್ದು ಉಳಿಯುವುದಿಲ್ಲ. ಯಾವ ಸುಕ್ಕನ್ನು ಬಿಡಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಇಸ್ತ್ರಿ ಪೆಟ್ಟಿಗೆಗಿಲ್ಲ. ಅದು ಹಿಡಿದ ಕೈಗೆ ಇರಬೇಕು. ಮಾಘದಲ್ಲಿ ಆ ಪುಟವನ್ನು ಚಿತ್ರದಲ್ಲಿ ನೋಡಿ ಹಾಡುವುದು ಬೇಡ, ಪುಸ್ತಕವನ್ನೇ ತಾ ಎಂದು ತಂಗಿ ಹೇಳಿಕಳಿಸಿದ್ದಾಳೆ. ಸುಕ್ಕಿನ ಸಮೇತ ಒಯ್ಯುತ್ತೇನೆ.