ಜಮಖಾನೆಯ ಧೂಳು

ಕಳೆದ ಸಂಚಿಕೆಯಲ್ಲಿ ಕುಡಿಯುವ ನೀರಿನ ವಿಷಯವಾಗಿ ನಾನು ಬರೆದುದನ್ನು ಓದಿ, ವಾಚಕರಲ್ಲಿ ಕೆಲವರು, “ನೀರಿನ ಶೌಚವನ್ನು ಹೇಳಿದಿರಿ, ದಿನದ ಮೂರರಲ್ಲೊಂದು ಪಾಲನ್ನು ನಾವು ಕಳೆಯುವ ಹಾಸಿಗೆ, ಬಂದವರೆಲ್ಲರೂ ಕುಳಿತೇಳುವ ಜಮಖಾನೆ, ಸೋಫಾ, ಇವುಗಳ ಮಾತೇನು?” ಎಂದು ಕೇಳಿದ್ದಾರೆ. ಪ್ರಶ್ನೆಯು ನ್ಯಾಯವಾದುದೇ. ಉತ್ತರ ಬರೆಯುವುದಕ್ಕೆ ಮಾತ್ರ ನನಗೆ ಕೊಂಚ ಸಂಕೋಚವುಂಟು. ಏಕೆಂದರೆ ಈ ವಿಷಯದಲ್ಲಿ ನಾನು ಕಲಿತುದೆಲ್ಲವೂ ನನ್ನ ತಪ್ಪಿನಿಂದ. ಆ ತಪ್ಪಿನ ಫಲವನ್ನು ಉಂಡವಳು ನನ್ನ ಮೊಮ್ಮಗಳು.

ನಮ್ಮದು ಮಲೆನಾಡಿನ ಮನೆ. ಮಳೆಗಾಲದಲ್ಲಿ ಗೋಡೆಗಳೇ ಬೆವರುತ್ತವೆ. ಪುಸ್ತಕದ ರಟ್ಟಿನ ಮೇಲೆ ಬೂಷ್ಟು ಬೆಳೆಯುತ್ತದೆ. ನನ್ನ ಮದುವೆಯ ಕಾಲದಲ್ಲಿ ಬಂದ ನವಲಗುಂದದ ಜಮಖಾನೆಯೊಂದು ನಮ್ಮಲ್ಲಿದೆ. ಧಾರವಾಡದ ಸೀಮೆಯ ಆ ಊರಿನಲ್ಲಿ ಹೆಂಗಸರೇ ಮಗ್ಗದ ಮುಂದೆ ಕುಳಿತು ನೇಯುವ ಹತ್ತಿಯ ಹಾಸು ಅದು. ಬಣ್ಣ ಇಂದಿಗೂ ಕಣ್ಣಿಗೆ ಹಬ್ಬ. ವರ್ಷದ ಬಹುಪಾಲು ಅಟ್ಟದ ಮೇಲೆ ಸುತ್ತಿಟ್ಟಿದ್ದು, ನಂಟರು ಬಂದಾಗ ಇಳಿಸುವ ವಾಡಿಕೆ. ಮೂರು ವರ್ಷಗಳ ಹಿಂದೆ ಬೇಸಿಗೆಯ ರಜಕ್ಕೆ ಮಗಳ ಮಗಳು, ಏಳು ವರ್ಷದವಳು, ಬಂದಾಗ ಪಡಸಾಲೆಯಲ್ಲಿ ಅದನ್ನು ಹಾಸಿ, ಅದರ ಮೇಲೆ ಬೂರುಗದ ಹತ್ತಿಯ ಹಾಸಿಗೆಯನ್ನಿಟ್ಟು ಮಗುವನ್ನು ಮಲಗಿಸಿದೆವು. ನಾನಾದರೋ ಮೂವತ್ತೈದು ವರ್ಷ ಹುಡುಗರ ಉಗುರು ಹಲ್ಲುಗಳನ್ನು ಪರೀಕ್ಷಿಸಿದ ಉಪಾಧ್ಯಾಯ. ಬೆಳಗ್ಗೆ ಐದೂವರೆಗೆ ಎದ್ದು, ಮಗು ಇನ್ನೂ ಮಗ್ಗುಲಲ್ಲಿ ಮಲಗಿರುವಾಗಲೇ, ಜಮಖಾನೆಯ ಒಂದು ಅಂಚನ್ನೆತ್ತಿ ಬೆತ್ತದಿಂದ ಬಡಿದು ಧೂಳು ಹಾರಿಸಿ, ಆಮೇಲೆ ಕಸ ಗುಡಿಸುತ್ತಿದ್ದೆನು. ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಆ ಧೂಳು ಮೇಲೇಳುವುದನ್ನು ಕಂಡು, ಇಷ್ಟು ಕೊಳೆ ಹೋಯಿತಲ್ಲಾ ಎಂದು ನನಗೆ ಸಮಾಧಾನವೇ ಆಗುತ್ತಿದ್ದಿತು.

ಐದನೆಯ ರಾತ್ರಿ ಮಗುವಿಗೆ ಉಬ್ಬಸ ಬಂದಿತು. ಉಸಿರನ್ನು ಒಳಗೆಳೆದುಕೊಳ್ಳುವಾಗ ಕತ್ತಿನ ಕುಳಿ ಒಳಕ್ಕೆ ಸೇದುತ್ತಿದ್ದಿತು. ಮಾತನಾಡಲಾರದೆ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದಳು. ಆ ಮಳೆಯಿಲ್ಲದ ರಾತ್ರಿಯಲ್ಲಿ ಇಪ್ಪತ್ತೆರಡು ಮೈಲಿ ದೂರದ ಪಟ್ಟಣಕ್ಕೆ ಬಾಡಿಗೆಯ ಕಾರಿನಲ್ಲಿ ಹೋದುದನ್ನು ನಾನು ವಿಸ್ತರಿಸುವುದಿಲ್ಲ. ಮುಖಕ್ಕೆ ಕವಚವಿಟ್ಟು ಔಷಧಿಯ ಆವಿಯನ್ನು ಕೊಟ್ಟ ಮೇಲೆ ಬೆಳಗಿನ ಜಾವಕ್ಕೆ ಮಗು ನಿದ್ರೆಹೋದಳು. ಆಗ ವೈದ್ಯರು ನನ್ನನ್ನು ಹೊರಗೆ ಕರೆದು ಕೇಳಿದ ಮೊದಲ ಪ್ರಶ್ನೆ ಇದು: “ಮೇಷ್ಟ್ರೇ, ಮಗು ಯಾವುದರ ಮೇಲೆ ಮಲಗುತ್ತದೆ? ಅದನ್ನು ಕೊಡವುವವರು ಯಾರು, ಎಲ್ಲಿ?” ನಾನು ನಿಜವನ್ನು ಹೇಳಿದೆನು. ನನ್ನ ಪತ್ನಿ ಪಕ್ಕದಲ್ಲೇ ಇದ್ದಳು; “ನಿಮ್ಮ ಮಡಿಯೆಲ್ಲ ಮಗುವಿನ ಮೂಗಿಗೆ ಹೋಯಿತು ನೋಡಿ” ಎಂದಳು. ಅವಳು ಕೋಪದಿಂದ ಹೇಳಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಧೂಳಿಗೆ ಅಮರಕೋಶದಲ್ಲಿ ರೇಣು, ಧೂಳಿ, ಪಾಂಸು, ರಜಸ್ಸು ಎಂದು ಪರ್ಯಾಯಗಳಿವೆ. ಇವನ್ನು ಎಷ್ಟೋ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೇನೆ. ಆ ಧೂಳಿನೊಳಗೆ ಇರುವುದೇನೆಂದು ಮಾತ್ರ ಅದುವರೆಗೆ ಯೋಚಿಸಿರಲಿಲ್ಲ. ಬೀದಿಯ ಧೂಳು ಬಹುಮಟ್ಟಿಗೆ ಮಣ್ಣು. ಹಾಸಿಗೆಯ ಧೂಳು ಹಾಗಲ್ಲ. ನಮ್ಮ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟು, ಬಟ್ಟೆಯ ಎಳೆ, ಬೂಷ್ಟಿನ ಬೀಜಾಣು, ಜಿರಲೆಯ ಚೂರು, ಬೆಕ್ಕಿದ್ದ ಮನೆಯಲ್ಲಿ ಅದರ ಜೊಲ್ಲು ಒಣಗಿದ ಪುಡಿ, ಇವೆಲ್ಲ ಅದರಲ್ಲಿ ಕೂಡಿರುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದುದು ಧೂಳುನುಸಿ. ಹಾಲೆಂಡಿನ ಲೈಡನ್ ನಗರದಲ್ಲಿ ವೂರ್‌ಹಾರ್ಸ್ಟ್, ಸ್ಪೀಕ್ಸ್ಮಾ ಮತ್ತು ಅವರ ಸಂಗಡಿಗರು, ಮನೆಯ ಧೂಳಿನಿಂದ ಉಬ್ಬಸವೇಳುವುದಕ್ಕೆ ಈ ನುಸಿಯೇ ಮುಖ್ಯ ಕಾರಣವೆಂಬುದನ್ನು 1964ರಲ್ಲಿ ತೋರಿಸಿಕೊಟ್ಟರು. ಇದು ಹುಳುವಿನ ಜಾತಿಯಲ್ಲ. ಎಂಟು ಕಾಲಿನ, ಜೇಡದ ಕುಲದ ಪ್ರಾಣಿ. ಉದ್ದವು ಒಂದು ಮಿಲಿಮೀಟರಿನ ಮೂರರಲ್ಲೊಂದು ಪಾಲನ್ನೂ ಮೀರದಾದ್ದರಿಂದ ಕಣ್ಣಿಗೆ ಕಾಣದೆಂದೇ ಹೇಳಬಹುದು. ಶಾಸ್ತ್ರಜ್ಞರು ಇದಕ್ಕೆ ಇಟ್ಟಿರುವ ಗ್ರೀಕ್ ಹೆಸರಿನ ಅರ್ಥ ‘ಚರ್ಮಭಕ್ಷಕ’ ಎಂದು. ಹೆಸರು ಭಯಂಕರವಾಗಿದ್ದರೂ ಅದು ನಮ್ಮನ್ನು ಕಚ್ಚುವುದಿಲ್ಲ. ಉದುರಿದ ಹೊಟ್ಟನ್ನು ತಿಂದು ಬದುಕುತ್ತದೆ. ನೀರನ್ನು ಕುಡಿಯದೆ ಗಾಳಿಯ ತೇವವನ್ನೇ ಮೈಯಿಂದ ಹೀರಿಕೊಳ್ಳುತ್ತದೆ. ಗಾಳಿಯ ಸಾಪೇಕ್ಷ ತೇವಾಂಶವು ನೂರಕ್ಕೆ ಐವತ್ತಕ್ಕಿಂತ ಕೆಳಗೆ ಬಹುಕಾಲ ನಿಂತರೆ ಒಣಗಿ ಸಾಯುತ್ತದೆ. ನಮ್ಮ ಮಲೆನಾಡು, ಕರಾವಳಿಗಳು ಅದಕ್ಕೆ ತೌರುಮನೆಯಾದುದು ಈ ಕಾರಣದಿಂದ.

ಓದುಗರು ಇಲ್ಲಿ ಒಂದು ಸಂಶಯವನ್ನು ಕೇಳಬಹುದು: ಮಗುವಿಗೆ ಉಬ್ಬಸ ಬಂದುದು ಒಣ ಬೇಸಿಗೆಯಲ್ಲಿ, ಆಗ ನುಸಿಯೆಲ್ಲಿಯದು? ನಾನೂ ವೈದ್ಯರನ್ನು ಹಾಗೆಯೇ ಕೇಳಿದೆನು. ನುಸಿಯು ಸತ್ತರೂ ಅದರ ಮಲವು ಉಳಿಯುತ್ತದೆ. ಒಗ್ಗದಿಕೆಯನ್ನು ಹುಟ್ಟಿಸುವ ಪದಾರ್ಥವು ಬಹುಭಾಗ ಆ ಮಲದ ಕಣಗಳಲ್ಲಿಯೇ ಇರುವುದೆಂದು 1981ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದಿದೆ. ಮಳೆಗಾಲದಲ್ಲಿ ಕೂಡಿದ ಈ ಪುಡಿಯು ಬಟ್ಟೆಯಲ್ಲಿ ತಿಂಗಳುಗಟ್ಟಲೆ ಹಾಗೆಯೇ ಕುಳಿತಿರುತ್ತದೆ. ಸುಮ್ಮನೆ ಬಿಟ್ಟರೆ ಗಾಳಿಗೇಳದು. ಬಡಿದರೆ, ಗುಡಿಸಿದರೆ, ಮಕ್ಕಳು ಹಾಸಿಗೆಯ ಮೇಲೆ ಕುಣಿದರೆ ಏಳುತ್ತದೆ. ಎದ್ದುದು ಮತ್ತೆ ನೆಲಕ್ಕೆ ಕೂರಲು ಸುಮಾರು ಅರ್ಧ ಗಂಟೆ ಬೇಕು. ಬೆಕ್ಕಿನ ಪುಡಿಯಾದರೆ ಇನ್ನೂ ಸೂಕ್ಷ್ಮವಾದುದು, ಗಂಟೆಗಟ್ಟಲೆ ತೇಲುತ್ತದೆ. ಅಟ್ಟದಲ್ಲಿ ವರ್ಷವೆಲ್ಲ ಕೂಡಿಟ್ಟ ಜಮಖಾನೆಯನ್ನು ನಾನು ಮಲಗಿದ ಮಗುವಿನ ಮುಖದ ಬಳಿಯೇ ಬಡಿಯುತ್ತಿದ್ದೆನು.

ಈಗ ಕೆಲಸದ ಮಾತಿಗೆ ಬರೋಣ. ಕೊಲ್ಲುವುದು ಬೇರೆ, ತೆಗೆಯುವುದು ಬೇರೆ. ಎರಡನ್ನೂ ಮಾಡದಿದ್ದರೆ ಅರ್ಧ ಕೆಲಸವೇ ಆಗುವುದು. ಕೊಲ್ಲುವುದಕ್ಕೆ ನಮ್ಮ ಹಿರಿಯರು ಮಾಡುತ್ತಿದ್ದಂತೆ ಬಿಸಿಲೇ ಸಾಕು. ಹಾಸುಗಳನ್ನು ಕೆಲವು ಗಂಟೆ ನೇರ ಬಿಸಿಲಿನಲ್ಲಿ ಹರಡಿದರೆ ನುಸಿಗಳೆಲ್ಲ ಸಾಯಬಲ್ಲವೆಂಬುದನ್ನು ಆಸ್ಟ್ರೇಲಿಯಾದ ಸಂಶೋಧಕರು 1994ರಲ್ಲಿ ಪ್ರಕಟಿಸಿದ್ದಾರೆ. ಶಾಖವೂ ಒಣಗುವಿಕೆಯೂ ಕೂಡಿ ಮಾಡುವ ಕೆಲಸವದು. ಆದರೆ ಬಿಸಿಲು ಮಲದ ಪುಡಿಯನ್ನು ತೆಗೆದುಹಾಕಲಾರದು. ಆದುದರಿಂದ ಅಂಗಳದಲ್ಲಿ, ಗಾಳಿ ಮನೆಯಿಂದ ಆಚೆಗೆ ಬೀಸುತ್ತಿರುವ ಹೊತ್ತಿನಲ್ಲಿ, ಹಗ್ಗದ ಮೇಲೆ ಹಾಕಿ ಎರಡೂ ಮಗ್ಗುಲು ಬಡಿಯಬೇಕು. ಬಡಿಯುವವರು ಮೂಗುಬಾಯಿಗಳಿಗೆ ಮಾಸ್ಕು ಕಟ್ಟಿಕೊಳ್ಳಲಿ. ಉಬ್ಬಸವಿದ್ದವರು ಆ ಕಡೆಗೇ ಬರಕೂಡದು.

ಒಗೆಯಬಲ್ಲುದನ್ನು ಒಗೆಯುವುದೇ ಉತ್ತಮ. ಹೊದಿಕೆ, ದಿಂಬಿನ ಗವಸು, ಮೇಲುಹಾಸು, ಇವನ್ನು ವಾರಕ್ಕೊಮ್ಮೆ ಒಗೆಯಬೇಕು. ತಣ್ಣೀರಿನ ಒಗೆತದಲ್ಲಿ ಪುಡಿಯು ಬಹುಮಟ್ಟಿಗೆ ತೊಳೆದುಹೋಗುತ್ತದೆ, ಆದರೆ ನುಸಿ ಬದುಕಿಕೊಳ್ಳುತ್ತದೆ; ನೀರಿನ ಬಿಸಿ 55ರಿಂದ 60 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಅದೂ ಸಾಯುತ್ತದೆ. ಒಗೆಯುವ ಯಂತ್ರವಿದ್ದವರು ಅದರ ಗುಂಡಿಯನ್ನು 60ಕ್ಕೆ ತಿರುಗಿಸಿದರಾಯಿತು. ಇಲ್ಲದವರಿಗೆ ಒಂದು ಲೆಕ್ಕ ಹೇಳುತ್ತೇನೆ: 100 ಡಿಗ್ರಿಯ ಕುದಿನೀರು ಎರಡು ಪಾಲು, 25 ಡಿಗ್ರಿಯ ತಣ್ಣೀರು ಒಂದು ಪಾಲು ಬೆರಸಿದರೆ ಗಣಿತದ ಪ್ರಕಾರ 75 ಆಗುವುದು, ಬಕೀಟೂ ಬಟ್ಟೆಯೂ ಸ್ವಲ್ಪ ಶಾಖವನ್ನು ಕುಡಿದು ಬೇಕಾದಷ್ಟು ಉಳಿಯುತ್ತದೆ. ಕೈಯಿಕ್ಕದೆ ಕೋಲಿನಿಂದ ಅದ್ದಿ ಕಾಲು ಗಂಟೆ ಮುಚ್ಚಿಡಿ. ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳತಕ್ಕದ್ದು. ಬಣ್ಣದ ಜಮಖಾನೆಯಾದರೆ ಮೊದಲು ಒಂದು ಮೂಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಬಿಳಿಯ ಬಟ್ಟೆಯಿಂದ ಒತ್ತಿ, ಬಣ್ಣ ಬಿಡುವುದೋ ಎಂದು ಪರೀಕ್ಷಿಸಬೇಕು. ನಮ್ಮದು ಬಿಟ್ಟಿತು, ಆದ್ದರಿಂದ ಅದಕ್ಕೆ ತಣ್ಣೀರೂ ಬಿಸಿಲೂ ಮಾತ್ರ. ಉಣ್ಣೆಯ ಕಂಬಳಿಗೆ ಬಿಸಿನೀರು ಸಲ್ಲದು, ಕುಗ್ಗಿ ಗಟ್ಟಿಯಾಗುತ್ತದೆ. ಮಕ್ಕಳು ತಬ್ಬಿ ಮಲಗುವ ಬಟ್ಟೆಯ ಗೊಂಬೆಗಳನ್ನು ಚೀಲದಲ್ಲಿಟ್ಟು, ತಂಗಳುಪೆಟ್ಟಿಗೆಯ ಮಂಜುಗಟ್ಟುವ ಖಾನೆಯಲ್ಲಿ ಎರಡು ದಿನವಿಟ್ಟು, ಬಳಿಕ ಒಗೆದರೆ ಸರಿ. ನಮ್ಮ ಹುಡುಗಿಯ ಕರಡಿಯು ಹೀಗೆ ಎರಡು ರಾತ್ರಿ ಸೆರೆವಾಸ ಮಾಡಿದುದರ ಮೇಲೆ ಅವಳಿಗೆ ನನ್ನಲ್ಲಿ ಇನ್ನೂ ಅಸಮಾಧಾನವಿದೆ.

ಸೋಫಾದ ಕಥೆ ಬೇರೆ. ಅದನ್ನು ಒಗೆಯಲಾಗದು, ಹೊತ್ತುಕೊಂಡು ಅಂಗಳಕ್ಕೆ ಹೋಗುವುದೂ ಕಷ್ಟ. ಅದರ ಧೂಳನ್ನು ಹೀರಿ ತೆಗೆಯುವುದೊಂದೇ ದಾರಿ. ಈ ಉಪಾಯ ಹುಟ್ಟಿದುದು ಸಹ ಕುರ್ಚಿಯ ಮೆತ್ತೆಯಿಂದಲೇ. ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರು, ಗಾಳಿಯೂದಿ ಧೂಳನ್ನು ಹಾರಿಸುವ ಯಂತ್ರವೊಂದನ್ನು ನೋಡಿ, ಊದುವುದಕ್ಕೆ ಬದಲು ಹೀರಿದರೇನೆಂದು ಯೋಚಿಸಿ, ಕುರ್ಚಿಯ ಮೆತ್ತೆಯ ಮೇಲೆ ಕೈವಸ್ತ್ರವನ್ನಿಟ್ಟು ಬಾಯಿಂದಲೇ ಹೀರಿ ನೋಡಿದನಂತೆ. ಕೆಮ್ಮು ಬಂದಿತು, ಆದರೆ ಬಟ್ಟೆಯ ಕೆಳಬದಿಯಲ್ಲಿ ಧೂಳು ಕಟ್ಟಿದ್ದಿತು. 1901ರಲ್ಲಿ ಅವನು ವ್ಯಾಕ್ಯೂಮ್ ಕ್ಲೀನರಿಗೆ ಹಕ್ಕುಪತ್ರ ಪಡೆದನು. ಇಂದು ಕೊಳ್ಳುವವರು ‘ಹೆಪಾ’ ಶೋಧಕವಿರುವುದನ್ನೇ ನೋಡಿ ಕೊಳ್ಳಬೇಕು. ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ ಹತ್ತರ ಮೂರರಷ್ಟು ಸೂಕ್ಷ್ಮವಾದ ಕಣಗಳಲ್ಲಿಯೂ ನೂರಕ್ಕೆ 99.97ರಷ್ಟನ್ನು ಅದು ತಡೆಯಬಲ್ಲುದು. ಸಾಮಾನ್ಯ ಚೀಲದ ಯಂತ್ರವು ಮುಂದಿನಿಂದ ಹೀರಿದುದರಲ್ಲಿ ಸಣ್ಣ ಪುಡಿಯನ್ನು ಹಿಂದಿನಿಂದ ಕೋಣೆಗೇ ಊದಿಬಿಡುತ್ತದೆ.

ಎರಡನೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಆಸ್ಪತ್ರೆಯಿಂದ ಬಂದ ಭಯದಲ್ಲಿ, ಅದೇ ವರ್ಷ ಶ್ರಾವಣದ ಮಳೆಯ ನಡುವೆ, ಸೋಫಾ ತೊಳೆಯುವ ಕಸುಬಿನವರನ್ನು ಕರೆಸಿದೆನು. ಅವರು ನೊರೆಯೂ ನೀರೂ ಧಾರಾಳವಾಗಿ ಸುರಿದು, ಕ್ರಿಮಿನಾಶಕದ ಸುವಾಸನೆ ಹೊಡೆದು, ಹಣ ಪಡೆದು ಹೋದರು. ಒಳಗಿನ ಸ್ಪಂಜು ಎಂಟು ದಿನವಾದರೂ ಒಣಗಲಿಲ್ಲ. ಸುವಾಸನೆ ಹೋಗಿ ಬೂಷ್ಟಿನ ವಾಸನೆ ಬಂದಿತು; ಕಡೆಗೆ ಸೋಫಾವನ್ನೇ ಎಸೆದೆವು. ಒದ್ದೆಯಾದ ಮೆತ್ತೆಯು ಒಂದೆರಡು ದಿನದೊಳಗೆ ಪೂರ್ಣವಾಗಿ ಒಣಗದಿದ್ದರೆ ಬೂಷ್ಟು ಹಿಡಿಯುವುದು ನಿಶ್ಚಯ. ಬೂಷ್ಟು ಸಹ ಉಬ್ಬಸದವರ ಶತ್ರುವೇ. ಆದುದರಿಂದ ನೀರಿನ ಕೆಲಸವೇನಿದ್ದರೂ ಮಾಘ ಫಾಲ್ಗುಣಗಳಲ್ಲಿ, ಸ್ವಲ್ಪವೇ ನೀರಿನಿಂದ, ಫ್ಯಾನು ಹಾಕಿ. ಬಿಸಿಯಾವಿಯ ಯಂತ್ರವು ನುಸಿಯನ್ನೂ ಕ್ರಿಮಿಗಳನ್ನೂ ಕೊಲ್ಲುವುದು ನಿಜ. ಒಣಗಿಸುವ ನಿಯಮ ಅದಕ್ಕೂ ಅಷ್ಟೇ.

ಕ್ರಿಮಿನಾಶಕಗಳ ವಿಷಯವಾಗಿ ನಾಲ್ಕು ಮಾತು. ವಾಸನೆ ಬಂದರೆ ಶುದ್ಧಿಯಾಯಿತೆಂದು ನಮ್ಮಲ್ಲಿ ಒಂದು ನಂಬಿಕೆಯಿದೆ. ನಮ್ಮ ಚರ್ಮದ ಮೇಲೆಯೇ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಗಳು ವಾಸವಾಗಿವೆ. ಅವು ಹಾಸಿಗೆಗೆ ಇಳಿದ ಮಾತ್ರಕ್ಕೆ ಆರೋಗ್ಯವಂತರಿಗೆ ಕೆಡುಕಿಲ್ಲ. ಮಗು ಉಚ್ಚೆ ಹೊಯ್ದರೆ, ರೋಗಿಯು ವಾಂತಿ ಮಾಡಿದರೆ ಮಾತ್ರ ಔಷಧದ ಪ್ರಶ್ನೆ. ಆಗಲೂ ಮೊದಲು ಕೊಳೆಯನ್ನು ತೆಗೆದು ಸಾಬೂನಿನಿಂದ ತೊಳೆಯಬೇಕು. ಕೊಳೆಯ ಮೇಲೆಯೇ ಸುರಿದ ಔಷಧಿಯು ಕೊಳೆಯೊಡನೆ ಕಾದಾಡಿ ವ್ಯರ್ಥವಾಗುತ್ತದೆ. ಸೀಸೆಯ ಮೇಲೆ ಬರೆದಷ್ಟು ನಿಮಿಷ ಅದು ಹಸಿಯಾಗಿ ನಿಲ್ಲಬೇಕು; ಸುರಿದು ಆ ಕ್ಷಣವೇ ಒರಸುವುದರಿಂದ ಫಲವಿಲ್ಲ. ಬ್ಲೀಚಿಂಗ್ ದ್ರಾವಣವು ಉಣ್ಣೆ ರೇಷ್ಮೆಗಳನ್ನು ತಿಂದುಹಾಕುತ್ತದೆ. ಅದನ್ನು ಪಾಯಿಖಾನೆ ತೊಳೆಯುವ ಆಮ್ಲದೊಡನೆ ಎಂದಿಗೂ ಬೆರಸಬೇಡಿ, ವಿಷದ ಗಾಳಿ ಏಳುತ್ತದೆ. ಸುವಾಸನೆಯ ತುಂತುರು, ಊದುಬತ್ತಿ, ಸೊಳ್ಳೆಬತ್ತಿಗಳ ಹೊಗೆ, ಇವು ತಾವೇ ಉಬ್ಬಸವನ್ನು ಕೆರಳಿಸಬಲ್ಲವು. ನನ್ನ ಪೂಜೆಯ ಊದುಬತ್ತಿ ಈಗ ತುಳಸಿಕಟ್ಟೆಯ ಬಳಿ ಉರಿಯುತ್ತದೆ, ದೇವರು ಆಕ್ಷೇಪಿಸಿಲ್ಲ.

ಹಾಸಿಗೆಗೆ ಒಂದು ಕವಚ ಬರುತ್ತದೆ. ನುಸಿಯ ಪುಡಿ ನುಸುಳದಷ್ಟು ಒತ್ತಾಗಿ ನೆಯ್ದ ಬಟ್ಟೆ, ಸುತ್ತಲೂ ಜಿಪ್ಪು. ಅದರಿಂದ ಗುಣವೆಷ್ಟು ಎಂಬ ಬಗ್ಗೆ ಎರಡು ಮಾತಿದೆ. ಇಂಗ್ಲೆಂಡಿನಲ್ಲಿ ಉಬ್ಬಸವಿದ್ದ 1122 ಮಂದಿ ವಯಸ್ಕರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕವಚವೊಂದರಿಂದಲೇ ಲಾಭ ಕಾಣಲಿಲ್ಲ. 2017ರಲ್ಲಿ ಅದೇ ದೇಶದ 284 ಮಕ್ಕಳ ಪರೀಕ್ಷೆಯಲ್ಲಾದರೋ, ಕವಚ ಹೊದಿಸಿದವರಲ್ಲಿ ಆಸ್ಪತ್ರೆಗೆ ಓಡಬೇಕಾಗಿ ಬಂದವರು ನೂರಕ್ಕೆ ಇಪ್ಪತ್ತೊಂಬತ್ತರಷ್ಟು, ಉಳಿದವರಲ್ಲಿ ನೂರಕ್ಕೆ ನಲವತ್ತೊಂದಕ್ಕೂ ಹೆಚ್ಚು. ಆ ಮಕ್ಕಳು ನುಸಿಯು ಒಗ್ಗದವರೆಂದು ಪರೀಕ್ಷೆಯಿಂದ ತಿಳಿದಿದ್ದವರು. ಆದುದರಿಂದ ಮಕ್ಕಳಿಗೆ ಉಬ್ಬಸವಿದ್ದ ಮನೆಯವರು, ಒಗ್ಗದುದು ಯಾವುದೆಂಬುದನ್ನು ಮೊದಲು ವೈದ್ಯರಿಂದ ತಿಳಿದುಕೊಂಡು, ಆಮೇಲೆ ಹಣ ವೆಚ್ಚಮಾಡುವುದು ಲೇಸು. ಹಾಸಿಗೆ ಚೊಕ್ಕಟವಾಯಿತೆಂದು, ವೈದ್ಯರು ಕೊಟ್ಟ ಸೇದುವ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ನನ್ನ ಅಳಿಯನೊಮ್ಮೆ ನಿಲ್ಲಿಸಿ ಪಶ್ಚಾತ್ತಾಪಪಟ್ಟನು.

ಈ ವರ್ಷದ ರಜದಲ್ಲಿ ಮೊಮ್ಮಗಳು ಹದಿನೇಳು ದಿನ ನಮ್ಮಲ್ಲಿದ್ದಳು. ಪಡಸಾಲೆಯಲ್ಲಿ ಈಗ ಬರಿಯ ನೆಲ, ಒದ್ದೆ ಬಟ್ಟೆಯಿಂದ ಒರಸಿದುದು. ಅವಳಿಗೆ ಮಂಚದ ಮೇಲೆ ಕವಚ ಹೊದಿಸಿದ ಹಾಸಿಗೆ. ಎರಡು ರಾತ್ರಿ ಕೆಮ್ಮಿದಳು. ಎರಡು ಬಾರಿಯೂ ನಾನು ದೀಪ ಹಚ್ಚಿ ಅವಳ ಕತ್ತಿನ ಕುಳಿಯನ್ನು ನೋಡುತ್ತ ಕುಳಿತಿದ್ದೆನು. ಅದು ಒಳಗೆ ಸೇದಲಿಲ್ಲ. ಜಮಖಾನೆಯನ್ನು ಅವಳು ಬರುವುದಕ್ಕೆ ಹದಿನೈದು ದಿನ ಮೊದಲೇ ಅಂಗಳದಲ್ಲಿ ಬಡಿದು, ಒಗೆದು, ಬಿಸಿಲಿಗೆ ಹಾಕಿ, ಗೋಡೆಗೆ ತೂಗುಹಾಕುವೆನೆಂದರೆ ನನ್ನ ಪತ್ನಿ ಒಪ್ಪಲಿಲ್ಲ. ಅದೀಗ ಬಿಗಿಯಾದ ಚೀಲದಲ್ಲಿ, ಹೊರಗಿನ ಉಗ್ರಾಣದಲ್ಲಿದೆ.