ನಾನಿಯ ಗುಳ್ಳೆ ಮತ್ತು ನಾಲ್ಕು ಮಿಲಿಮೀಟರ್ ಚರ್ಮ

ನಮ್ಮ ನಾನಿಗೆ ಮೊದಲು ಆದದ್ದು ಬಾಯಿಹುಣ್ಣು. ಉಷ್ಣ ಆಗಿರಬೇಕು ಅಂದರು ಅಮ್ಮಿ. ಮೂರು ತಿಂಗಳು ಮಜ್ಜಿಗೆ ಅನ್ನದಲ್ಲೇ ಕಳೆಯಿತು. ರೊಟ್ಟಿ ಮುರಿದು ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಬೆನ್ನು, ಎದೆಯ ಮೇಲೆ ನೀರುಗುಳ್ಳೆ ಎದ್ದವು. ಒಡೆದದ್ದು ಮಾಯುತ್ತಿರಲಿಲ್ಲ. ಓಣಿಯವರು ಸರ್ಪಸುತ್ತು ಅಂದು ಕೆಮ್ಮಣ್ಣು ಹಚ್ಚಿಸಿದರು. ಬಂದ ನೆಂಟರು ನಾನಿ ಕುಡಿದ ಲೋಟ ಮುಟ್ಟಲಿಲ್ಲ. ಒಂದು ದಿನ ನಾನಿಯೇ, "ನನ್ನ ತಾಟು ಬ್ಯಾರೆ ಇಡ್ರಿ, ಮಕ್ಕಳಿಗೆ ಹತ್ತೀತು" ಅಂದರು. ಯಾರೂ 'ಹಾಗೇನಿಲ್ಲ' ಅನ್ನಲಿಲ್ಲ. ವಿಜ್ಞಾನ ಓದುವ ನಾನೂ ಅನ್ನಲಿಲ್ಲ.

ಕೊನೆಗೆ ಹುಬ್ಬಳ್ಳಿಯ ಡಾಕ್ಟರೊಬ್ಬರು ಇದು ಪೆಂಫಿಗಸ್ ವಲ್ಗಾರಿಸ್ ಇರಬಹುದು ಅಂದರು. ಖಚಿತ ಮಾಡಿಕೊಳ್ಳಲು ಚರ್ಮದ ತುಂಡು ಬೇಕು, ಅದೂ ಗುಳ್ಳೆಯದ್ದಲ್ಲ, ಪಕ್ಕದ ಚೆನ್ನಾಗಿರುವ ಚರ್ಮದ್ದು ಅಂದಾಗ ಮಾಮು ಸಿಟ್ಟಾದರು. ಹುಣ್ಣೇ ಇಲ್ಲದ ಕಡೆ ಯಾಕೆ ಕೊಯ್ಯಬೇಕು?

ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನನಗೆ ತಿಳಿದದ್ದು ಇಷ್ಟು. ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನುಗಳಲ್ಲಿ ಡೆಸ್ಮೋಗ್ಲೀನ್ ಮುಖ್ಯವಾದದ್ದು. ಈ ರೋಗದಲ್ಲಿ ನಮ್ಮದೇ ಪ್ರತಿಕಾಯಗಳು ಅದನ್ನು ಶತ್ರು ಅಂದುಕೊಂಡು ಅಂಟಿಕೊಳ್ಳುತ್ತವೆ. ಕೋಶಗಳ ಹಿಡಿತ ಬಿಡುತ್ತದೆ, ನಡುವೆ ನೀರು ತುಂಬುತ್ತದೆ. ಹೊರಗಿನಿಂದ ಬಂದ ಕ್ರಿಮಿ ಇಲ್ಲ, ಆದ್ದರಿಂದ ಲೋಟದಿಂದ ಹರಡುವ ಮಾತೇ ಇಲ್ಲ. ಗುಳ್ಳೆಯ ಜಾಗದಲ್ಲಿ ಎಲ್ಲ ಹರಿದುಹೋಗಿರುತ್ತದೆ. ಪಕ್ಕದ ಗಟ್ಟಿ ಚರ್ಮದಲ್ಲಾದರೆ ಪ್ರತಿಕಾಯ ಎಲ್ಲಿ ಕುಳಿತಿದೆ ಎಂದು ಸ್ಪಷ್ಟವಾಗಿ ಕಾಣುತ್ತದೆ. ಹೊಳೆಯುವ ಬಣ್ಣ ಸೇರಿಸಿ ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೆಂಫಿಗಸ್‌ನಲ್ಲಿ ಕೋಶಗಳ ಸುತ್ತ ಹಸಿರು ಗೆರೆ ಮೂಡುತ್ತದೆ, ನಮ್ಮ ತುಂಗಭದ್ರಾ ಹಿನ್ನೀರಿನಲ್ಲಿ ಬಿಡುವ ಮೀನುಬಲೆಯ ಹಾಗೆ.

1964ರಲ್ಲಿ ಅಮೆರಿಕದ ಬಫಲೋದಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ ಹೀಗೆಯೇ ಈ ಪ್ರತಿಕಾಯಗಳನ್ನು ಕಂಡರು. ಗುರಿಯಾಗುವ ಪ್ರೋಟೀನು ಡೆಸ್ಮೋಗ್ಲೀನ್ 3 ಎಂದು ಅಮಗಾಯ್, ಸ್ಟ್ಯಾನ್ಲಿ ಮತ್ತು ಸಂಗಡಿಗರು ತೋರಿಸಿದ್ದು 1991ರಲ್ಲಿ. ಇದು ಬಾಯಿಯ ಒಳಪದರದಲ್ಲಿ ಹೆಚ್ಚು. ನಾನಿಯ ರೋಗ ಬಾಯಿಂದ ಶುರುವಾದದ್ದು ಉಷ್ಣದಿಂದಲ್ಲ, ಇದರಿಂದ.

ಇನ್ನು ಕೆಲವು ಗುಳ್ಳೆರೋಗಗಳಲ್ಲಿ ಹೊರಚರ್ಮ ಒಳಚರ್ಮದಿಂದಲೇ ಬೇರೆಯಾಗುತ್ತದೆ. ಅವುಗಳನ್ನು ವಿಂಗಡಿಸುವ ಉಪಾಯ ನನಗೆ ಬಹಳ ಹಿಡಿಸಿತು. ಚರ್ಮವನ್ನು ಒಂದು ಮೋಲಾರ್ ಉಪ್ಪಿನ ದ್ರಾವಣದಲ್ಲಿ ಇಟ್ಟರೆ (ಲೀಟರಿಗೆ 58.5 ಗ್ರಾಂ, ನಮ್ಮ ಲ್ಯಾಬಿನಲ್ಲೇ ಮಾಡಬಹುದು) ಎರಡು ಪದರ ಬಿಡುತ್ತವೆ. ಹೊಳಪು ಮೇಲ್ಚಾವಣಿಗೆ ಅಂಟಿದ್ದರೆ ಸಾಮಾನ್ಯವಾಗಿ ಬುಲ್ಲಸ್ ಪೆಂಫಿಗಾಯ್ಡ್. ನೆಲಕ್ಕೆ ಅಂಟಿದ್ದರೆ ಕೊಲಾಜೆನ್ 7ರ ಮೇಲಿನ ದಾಳಿ ಇರಬಹುದು, ಅದು ಔಷಧಕ್ಕೆ ಬೇಗ ಬಗ್ಗುವುದಿಲ್ಲ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನವರು 2010ರಲ್ಲಿ ಈ ವಿಧಾನದ ಬಗ್ಗೆಯೇ ಬರೆದಿದ್ದಾರೆ. ಅಂದರೆ ಇದು ನಮ್ಮ ರಾಜ್ಯದಲ್ಲೇ ನಡೆಯುವ ಕೆಲಸ.

ಹಾಗಿದ್ದೂ ನಾನಿಗೆ ಎರಡು ಸಲ ಚರ್ಮ ತೆಗೆಯಬೇಕಾಯಿತು. ಮೊದಲ ಸಲ, ಬೇರೊಂದು ಕಡೆ, ತುಂಡನ್ನು ಫಾರ್ಮಲಿನ್‌ನಲ್ಲಿ ಹಾಕಿದ್ದರು. ಮಾಮೂಲಿ ಪರೀಕ್ಷೆಗೆ ಅದು ಸರಿ, ಆದರೆ ಈ ಹೊಳಪಿನ ಪರೀಕ್ಷೆಗೆ ಕೆಡುತ್ತದೆ. ಇದಕ್ಕೆ ಮಿಶೆಲ್ ದ್ರಾವಣ ಎಂಬುದು ಬೇಕು. ಅದರಲ್ಲಿ ತುಂಡು ಕೆಲವು ದಿನ ಕೆಡದೆ ಇರುತ್ತದೆ. ಅದಿಲ್ಲದಿದ್ದರೆ ಡ್ರಿಪ್ ಹಾಕುವ ಸಾಧಾರಣ ಸಲೈನ್‌ನಲ್ಲೇ 24 ಗಂಟೆ ಇಟ್ಟರೂ ನಡೆಯುತ್ತದೆ. ಸಲೈನ್ ಇಲ್ಲದ ತಾಲ್ಲೂಕು ಆಸ್ಪತ್ರೆ ಯಾವುದಿದೆ? ಬಾಯಿ ತೆರೆಯಲಾಗದ ಮುದುಕಿ ಬಸ್ಸಿನಲ್ಲಿ ಊರೂರು ಅಲೆಯುವ ಬದಲು ನಾಲ್ಕು ಮಿಲಿಮೀಟರ್ ಚರ್ಮ ಪ್ರಯಾಣ ಮಾಡಲಿ ಎಂಬುದು ನನ್ನ ವಾದ. ಚರ್ಮ ತೆಗೆಯುವ ಮೊದಲು 'ಎರಡನೇ ತುಂಡು ಸಲೈನ್‌ನಲ್ಲಿ ಬೇಕೇ ಸರ್?' ಎಂದು ಕೇಳುವುದನ್ನು ಮನೆಯವರೂ ಕಲಿಯಬೇಕು. ನಮ್ಮಲ್ಲಿ ಯಾರಾದರೂ ಮುಂದೆ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಹೋಗುವವರಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ.

ಸ್ಟೀರಾಯ್ಡ್ ಬರುವ ಮೊದಲು ಈ ರೋಗಕ್ಕೆ ತುತ್ತಾದ ಹೆಚ್ಚಿನವರು ಉಳಿಯುತ್ತಿರಲಿಲ್ಲ. ನಾನಿ ಈಗ ಮಾತ್ರೆಯಲ್ಲಿದ್ದಾರೆ. ಸಕ್ಕರೆ ಏರಿದೆ, ಮುಖ ಊದಿದೆ. ಗುಳ್ಳೆ ನಿಂತವಲ್ಲ, ಮಾತ್ರೆ ಬಿಡೋಣ ಅಂತ ಮಾಮು ಎರಡು ಸಲ ಹೇಳಿ ಆಯಿತು. ಡಾಕ್ಟರು ಹೇಳದೆ ಒಂದು ಮಾತ್ರೆಯೂ ಕಡಿಮೆಯಾಗಬಾರದು ಎಂದು ಡಬ್ಬಿಯನ್ನು ನನ್ನ ಪುಸ್ತಕದ ಕಪಾಟಿನಲ್ಲೇ ಇಟ್ಟುಕೊಂಡಿದ್ದೇನೆ. ಊಟಕ್ಕೆ ಕೂತಾಗ ನಾನಿಯ ತಾಟಿನಲ್ಲೇ ಕೈ ಹಾಕಿ ತಿನ್ನುತ್ತೇನೆ. ಅಮ್ಮಿ ಇನ್ನೂ ಒಮ್ಮೊಮ್ಮೆ ಓರೆಗಣ್ಣಿನಲ್ಲಿ ನೋಡುತ್ತಾರೆ.